765ರ ಪರವಾಗಿ ಒಂದು ವಕಾಲತ್ತು

ಈ ವಾರ ಅಮಿಗಾ ಫ್ಲಾಪಿಗಳ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದನ್ನು ಬೇಗ ಮುಗಿಸಿಬಿಡೋಣ. ಪಿಸಿಯ 720ಕೆ ಡಿಸ್ಕನ್ನು ಅಮಿಗಾ ಓದುತ್ತದೆ, ಅಮಿಗಾದ 880ಕೆ ಡಿಸ್ಕನ್ನು ಪಿಸಿ ಓದುವುದಿಲ್ಲ. ಡಿಸ್ಕ್ ಎರಡಕ್ಕೂ ಒಂದೇ, ಡ್ರೈವೂ ಹೆಚ್ಚುಕಡಿಮೆ ಒಂದೇ. ಬೇರೆಯಾಗಿರುವುದು ಕಂಟ್ರೋಲರ್. ಅಮಿಗಾದ ಪೌಲಾ ಚಿಪ್ಪಿಗೆ ಸೆಕ್ಟರ್ ಎಂದರೇನೆಂದೇ ತಿಳಿಯದು. ಟ್ರ್ಯಾಕಿನ ಮೇಲಿದ್ದ ಬಿಟ್‌ಗಳನ್ನು ಇದ್ದ ಹಾಗೆಯೇ ಮೆಮೊರಿಗೆ ಸುರಿದು ಕೈತೊಳೆದುಕೊಳ್ಳುತ್ತದೆ. ಅರ್ಥ ಬಿಡಿಸುವುದು ಸಾಫ್ಟ್‌ವೇರಿನ ಪಾಡು. ವರ್ಕ್‌ಬೆಂಚ್ 2.1ರ ಜೊತೆ ಬಂದ ಕ್ರಾಸ್‌ಡಾಸ್ ಆ ಪಾಡು ಪಟ್ಟಿತು. ಪಿಸಿಯ ಕಂಟ್ರೋಲರಿಗಾದರೋ ಪ್ರತಿ ಸೆಕ್ಟರಿನ ಮುಂದೆ ಐಬಿಎಂ ಪದ್ಧತಿಯ ಗುರುತು ಇರಲೇಬೇಕು. ಅಮಿಗಾ ತನ್ನ 11 ಸೆಕ್ಟರ್‌ಗಳನ್ನು ಒತ್ತೊತ್ತಾಗಿ, ತನ್ನದೇ ಗುರುತು ಹಾಕಿ ಬರೆದಿರುತ್ತದೆ. ಗುರುತು ಸಿಗದು, ಓದು ಸಾಗದು.

ಇಷ್ಟು ಒಪ್ಪಿಕೊಂಡರೆ ಸಾಕು, ಫ್ಲಕ್ಸ್ ಪಂಥದವರು ಎದ್ದು ನಿಲ್ಲುತ್ತಾರೆ. ಗ್ರೀಸ್‌ವೀಸಲ್ ತಗೊಳ್ಳಿ, ಕ್ರಯೋಫ್ಲಕ್ಸ್ ತಗೊಳ್ಳಿ, ಕಾಂತದ ಒಂದೊಂದು ತಿರುವಿನ ಕಾಲವನ್ನೂ ಅಳೆದಿಟ್ಟುಕೊಳ್ಳಿ, ನಿಮ್ಮ ಹಳೆಯ 386 ಪಿಸಿಯನ್ನು ಗುಜರಿಗೆ ಹಾಕಿ ಎನ್ನುತ್ತಾರೆ. ಅಮಿಗಾಕ್ಕೆ, ಕಮೊಡೋರ್ 1541ಕ್ಕೆ, ವೇಗ ಬದಲಿಸುತ್ತ ತಿರುಗುವ ಮ್ಯಾಕಿನ 400ಕೆ, 800ಕೆ ಡಿಸ್ಕುಗಳಿಗೆ ಅವರ ಮಾತು ಸರಿ. ಆದರೆ ಅವರು ಅಷ್ಟಕ್ಕೆ ನಿಲ್ಲುವುದಿಲ್ಲ. ಸಿಪಿ/ಎಂ ಯಂತ್ರವಾದ ಕೇಪ್ರೊದ ಡಿಸ್ಕನ್ನೂ ಪಿಸಿಯಲ್ಲಿ ಓದಲಾಗದು, ಏಕೆಂದರೆ ಕಂಟ್ರೋಲರ್ ದಡ್ಡ ಎಂದು ಸಾರುತ್ತಾರೆ. ಅಮಿಗಾವನ್ನು ಪಕ್ಕಕ್ಕಿಟ್ಟು ನಾನು ಈ ದೂರಿಗೇ ಉತ್ತರ ಕೊಡುತ್ತೇನೆ.

1981ರ ಐಬಿಎಂ ಪಿಸಿಯ ಫ್ಲಾಪಿ ಕಾರ್ಡಿನಲ್ಲಿ ಕೂತಿದ್ದ ಕಂಟ್ರೋಲರ್ ಎನ್‌ಇಸಿ 765. ಇಂಟೆಲ್ ಇದನ್ನೇ 8272 ಎಂಬ ಹೆಸರಲ್ಲಿ ಮಾರಿತು. ಇದರ ಡೇಟಾಶೀಟನ್ನು ನಾನು ಆಗಾಗ ತೆಗೆದು ಓದುವುದುಂಟು. ಅದರಲ್ಲಿ ಒಂದು ಪದವೂ ದಂಡವಿಲ್ಲ. ನನಗೆ ಅಚ್ಚುಮೆಚ್ಚು ‘ರೀಡ್ ಐಡಿ’ ಆದೇಶದ ಭಾಗ. ಇಂಥ ಸೆಕ್ಟರ್ ಕೊಡು ಎಂದು ಕೇಳುವ ಆದೇಶವಲ್ಲ ಇದು. ತಲೆಯ ಕೆಳಗೆ ಮೊದಲು ಹಾದುಹೋದ ಸೆಕ್ಟರ್ ತನ್ನ ಬಗ್ಗೆ ಏನು ಹೇಳಿಕೊಂಡಿದೆಯೋ ಅದನ್ನು ತಂದೊಪ್ಪಿಸು ಎಂದಷ್ಟೇ. ಉತ್ತರದಲ್ಲಿ ಆ ಸೆಕ್ಟರಿನ ಐಡಿಯ ನಾಲ್ಕು ಬೈಟು: ಸಿ, ಎಚ್, ಆರ್, ಎನ್. ಸಿಲಿಂಡರ್ ಎಷ್ಟನೆಯದು, ಹೆಡ್ ಯಾವುದು, ಸೆಕ್ಟರ್ ಸಂಖ್ಯೆ ಏನು, ಗಾತ್ರ ಎಷ್ಟು. ಎನ್ ಸೊನ್ನೆಯಾದರೆ 128 ಬೈಟ್, ಒಂದಾದರೆ 256, ಎರಡಾದರೆ 512, ಮೂರಾದರೆ 1024. ಇದೇ ಆದೇಶವನ್ನು ಬಿಡದೆ ಕೊಡುತ್ತಿದ್ದರೆ ಟ್ರ್ಯಾಕಿನ ಸುತ್ತ ಸೆಕ್ಟರ್‌ಗಳು ಯಾವ ಸರದಿಯಲ್ಲಿ ಕೂತಿವೆ ಎಂಬುದೂ ಸಿಗುತ್ತದೆ. ಗುರುತೇ ಇಲ್ಲದ ಡಿಸ್ಕ್ ಕೈಗೆ ಬಂದಾಗ ನಾನು ಮೊದಲು ಮಾಡುವುದು ಇದನ್ನೇ.

ಈಗ ಕೇಪ್ರೊ. ಒಂದೇ ಬದಿಯ ಕೇಪ್ರೊ 2ರ ಡಿಸ್ಕಿನಲ್ಲಿ 40 ಟ್ರ್ಯಾಕ್, ಪ್ರತಿಯೊಂದರಲ್ಲೂ 512 ಬೈಟಿನ 10 ಸೆಕ್ಟರ್, ಎಣಿಕೆ ಸೊನ್ನೆಯಿಂದ ಒಂಬತ್ತು. ಎರಡು ಬದಿಯ ಕೇಪ್ರೊ 4ರಲ್ಲಿ ಸ್ವಾರಸ್ಯ ಶುರು: ಹಿಂಬದಿಯ ಸೆಕ್ಟರ್‌ಗಳ ಸಂಖ್ಯೆ 10ರಿಂದ 19, ಆದರೆ ಹೆಡ್ ಯಾವುದೆಂದು ಕೇಳಿದರೆ ಅವೂ ‘ಸೊನ್ನೆ’ ಎನ್ನುತ್ತವೆ. ಪಿಸಿಯ ಬಯಾಸ್ ಒಂದನೇ ಹೆಡ್ಡನ್ನು ಆರಿಸಿದೊಡನೆ ಎಚ್ ಜಾಗದಲ್ಲೂ ಒಂದನ್ನೇ ತುಂಬುತ್ತದೆ. ಹೊಂದಲಿಲ್ಲ, ಸೆಕ್ಟರ್ ಸಿಗಲಿಲ್ಲ ಎಂಬ ದೂರು. ಆದರೆ 765ರ ಆದೇಶದಲ್ಲಿ ಹೆಡ್ ಆರಿಸುವ ಬಿಟ್ ಬೇರೆ, ಐಡಿಯಲ್ಲಿ ಹುಡುಕಬೇಕಾದ ಎಚ್ ಬೇರೆ. ಬಯಾಸನ್ನು ದಾಟಿ ಚಿಪ್ಪಿನೊಡನೆ ನೇರವಾಗಿ ಮಾತಾಡಿದರೆ ಹಿಂಬದಿಯೂ ಸಲೀಸಾಗಿ ಬರುತ್ತದೆ. ಕುಣಿಯಲಾರದ ಬಯಾಸ್ ನೆಲ ಡೊಂಕೆಂದಿತು, ನಾವು ನಂಬಿದೆವು.

ಆಸ್ಬೋರ್ನ್ 1ರ ಮೊದಲ ಡಿಸ್ಕುಗಳದೂ ಇದೇ ಕತೆ. ಅವು ಹಳೆಯ ಎಫ್‌ಎಂ ಬರವಣಿಗೆಯವು, ಅಂದರೆ ಸಿಂಗಲ್ ಡೆನ್ಸಿಟಿ. ನಮ್ಮ ದೇಶದ ಶಾಲೆಗಳಿಗೆ 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ಬಂದ ಬಿಬಿಸಿ ಮೈಕ್ರೊಗಳ ಡಿಎಫ್‌ಎಸ್ ಡಿಸ್ಕುಗಳೂ ಎಫ್‌ಎಂ ಜಾತಿಯವೇ; ಯಾವುದಾದರೂ ಶಾಲೆಯ ಬೀರುವಿನಲ್ಲಿ ಅಂಥವು ಉಳಿದಿದ್ದರೆ ಈ ಮಾತು ಉಪಯೋಗಕ್ಕೆ ಬಂದೀತು. 765ಕ್ಕೆ ಎಫ್‌ಎಂ ಬರುತ್ತದೆ. ಎಷ್ಟೋ ಪಿಸಿ ಕಾರ್ಡುಗಳಲ್ಲಿ ಅದಕ್ಕೆ ಬೇಕಾದ ಸುತ್ತಲಿನ ಸರ್ಕ್ಯೂಟನ್ನು ಮಾತ್ರ ಹಾಕಿರುವುದಿಲ್ಲ. ಇಲ್ಲೂ ಚಿಪ್ ನಿರ್ದೋಷಿ.

ಒಂದು ತಪ್ಪು ಮಾತ್ರ ನನ್ನ ಕಕ್ಷಿದಾರನದೇ. ಇಂಡೆಕ್ಸ್ ತೂತು ಹಾದುಹೋದ ಮೇಲೆ 765 ಒಂದು ಗಳಿಗೆ ಕಣ್ಣುಮುಚ್ಚುತ್ತದೆ. ವೆಸ್ಟರ್ನ್ ಡಿಜಿಟಲ್ ಕಂಟ್ರೋಲರಿನ ಕೆಲವು ಯಂತ್ರಗಳು ತೂತಿನ ಬೆನ್ನಿಗೇ ಮೊದಲ ಸೆಕ್ಟರ್ ಬರೆದಿರುತ್ತವೆ, ಅದು ಪ್ರತಿ ಸುತ್ತಿನಲ್ಲೂ ತಪ್ಪಿಹೋಗುತ್ತದೆ. ಬಲ್ಲವರು ಆ ತೂತಿನ ಮೇಲೆ ಕಪ್ಪು ಟೇಪ್ ಅಂಟಿಸುತ್ತಾರೆ.

ಇನ್ನು ಫ್ಲಕ್ಸ್ ಪಂಥದವರು ಹೇಳದೆ ಬಿಡುವ ಸಂಗತಿ. ಸೆಕ್ಟರ್‌ಗಳೆಲ್ಲ ಕೈಗೆ ಬಂದರೂ ಸಿಪಿ/ಎಂ ಡಿಸ್ಕ್ ತನ್ನ ಆಕಾರ ಹೇಳಿಕೊಳ್ಳುವುದಿಲ್ಲ. ಡಾಸ್ ಡಿಸ್ಕಿನ ಬೂಟ್ ಸೆಕ್ಟರಿನಲ್ಲಿ ಲೆಕ್ಕವೆಲ್ಲ ಇರುತ್ತದೆ. ಸಿಪಿ/ಎಂನಲ್ಲಿ ಬ್ಲಾಕ್ ಎಷ್ಟು ದೊಡ್ಡದು, ಸಿಸ್ಟಂಗೆ ಬಿಟ್ಟ ಟ್ರ್ಯಾಕ್ ಎಷ್ಟು, ಸೆಕ್ಟರ್‌ಗಳನ್ನು ಯಾವ ಸರದಿಯಲ್ಲಿ ಓದಬೇಕು ಎಂಬುದೆಲ್ಲ ಆಯಾ ಯಂತ್ರದೊಳಗೇ ಉಳಿದಿದೆ. ಆ ಯಂತ್ರವಿಲ್ಲದಿದ್ದರೆ ಇ5 ಬೈಟುಗಳ ನಡುವೆ 32 ಬೈಟಿನ ಡೈರೆಕ್ಟರಿ ನಮೂದುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಹುಡುಕಬೇಕು, ಇಲ್ಲವೇ ನೂರಾರು ಯಂತ್ರಗಳ ಡಿಸ್ಕ್ ವಿವರಗಳನ್ನು ಒಂದೆಡೆ ಸೇರಿಸಿರುವ ಸೈಡೆಕ್ಸ್ ಸಂಸ್ಥೆಯ 22ಡಿಸ್ಕ್ ಬೇಕು. ಅದು ಓಡುವುದು ಡಾಸ್‌ನಲ್ಲಿ, ಅವರು ಗುಜರಿಗೆ ಹಾಕೆಂದ ಅದೇ 386ರಲ್ಲಿ.

ಓದಲು 1.2 ಎಂಬಿ ಡ್ರೈವ್ ಧಾರಾಳವಾಗಿ ಸಾಕು. ಒಂದೊಂದು ಟ್ರ್ಯಾಕಿಗೂ ಎರಡೆರಡು ಹೆಜ್ಜೆ ಇಡಿಸಿದರಾಯಿತು. ಬರೆಯಲು ಮಾತ್ರ ಹೋಗಬೇಡಿ. ಅದರ ಹೆಡ್ ಕಿರಿದು, ಹಳೆಯ ಅಗಲ ಟ್ರ್ಯಾಕಿನ ಅಂಚು ಅಳಿಸದೆ ಉಳಿಯುತ್ತದೆ, ಆಮೇಲೆ ಕೇಪ್ರೊ ತನ್ನ ಡಿಸ್ಕನ್ನು ತಾನೇ ಓದಲಾರದು. 5.25 ಇಂಚಿನ ಡಿಸ್ಕಾದರೆ ಪಕ್ಕದ ಕಚ್ಚಿಗೆ ಮೊದಲೇ ಟೇಪ್ ಹಚ್ಚಿಬಿಡಿ. 8 ಇಂಚಿನದಕ್ಕೆ ಲೆಕ್ಕ ತಿರುಗುಮುರುಗು: ಅಲ್ಲಿ ಕಚ್ಚು ತೆರೆದಿದ್ದರೇ ರಕ್ಷಣೆ, ಯಾರಾದರೂ ಟೇಪ್ ಹಚ್ಚಿದ್ದರೆ ಡ್ರೈವಿಗೆ ಹಾಕುವ ಮುನ್ನ ಕಿತ್ತುಬಿಡಿ.