ಬಣ್ಣದ ಬಳಪವೂ ಪರೀಕ್ಷಕನ ಕಣ್ಣೂ

ಮಕ್ಕಳ ಚಿತ್ರಸ್ಪರ್ಧೆಯಲ್ಲಿ ಯಾರಿಗೆ ಪಾರಿತೋಷಕ ಕೊಟ್ಟರೇನು, ಅದು ಒಂದು ದಿನದ ಸಂಭ್ರಮವೆಂದು ತಿಳಿಯುವವರೇ ಬಹಳ. ಆದರೆ ಪಾರಿತೋಷಕವೆಂಬದು ಆ ಒಂದು ದಿನದಲ್ಲಿ ಮುಗಿದುಹೋಗುವ ವಸ್ತುವಲ್ಲ. ಈ ವರುಷ ಎಂಥ ಚಿತ್ರಕ್ಕೆ ಮೊದಲ ಸ್ಥಾನ ದೊರೆಯಿತೋ ಮುಂದಿನ ವರುಷ ಅಂಥವೇ ಹತ್ತು ಚಿತ್ರಗಳು ಹುಟ್ಟುವವು. ಮಾಸ್ತರರು ಅದನ್ನೇ ಕಲಿಸುವರು, ತಾಯಿತಂದೆಗಳು ಅದನ್ನೇ ತಿದ್ದಿಸುವರು, ಮಗುವೂ ಅದನ್ನೇ ಚಿತ್ರವೆಂದು ನಂಬುವದು. ಆದುದರಿಂದ ಪರೀಕ್ಷಕನ ಕೆಲಸವು ಅಂಕ ಕೊಡುವದರಲ್ಲಿ ಮುಗಿಯಲಿಲ್ಲ; ಅವನು ಒಂದು ಊರಿನ ಕಣ್ಣಿಗೆ ಪಾಠ ಹೇಳುತ್ತಾನೆ. ಆ ಪಾಠವು ತಪ್ಪಿದರೆ ಅದರ ಫಲವನ್ನು ಮಕ್ಕಳು ಬಹುಕಾಲ ಉಣ್ಣಬೇಕಾಗುವದು.

ರಾಮದುರ್ಗ ತಾಲೂಕಿನ ಸುರೇಬಾನದಂಥ ಊರಿನಲ್ಲಿ ಈ ಮಾತಿಗೆ ಹೆಚ್ಚಿನ ತೂಕವುಂಟು. ದೊಡ್ಡ ಪಟ್ಟಣದ ಮಗುವು ಚಿತ್ರಶಾಲೆಗೆ ಹೋಗಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಎದುರುಬದುರಾಗಿ ನೋಡಬಲ್ಲದು. ಇಲ್ಲಿಯ ಮಗುವಿಗೆ ಚಿತ್ರದ ಬೆಲೆಯನ್ನು ತಿಳಿಸುವ ಸಂದರ್ಭವೆಂದರೆ ಮುಖ್ಯವಾಗಿ ಶಾಲೆಯ ಸ್ಪರ್ಧೆಯೇ. ಶಿಕ್ಷಣ ಇಲಾಖೆಯ ‘ಪ್ರತಿಭಾ ಕಾರಂಜಿ’ಯು ಶಾಲೆಯಿಂದ ಕ್ಲಸ್ಟರಿಗೆ, ಅಲ್ಲಿಂದ ತಾಲೂಕು, ಜಿಲ್ಲೆ, ರಾಜ್ಯಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವದು, ಅದರಲ್ಲಿ ಚಿತ್ರಕಲೆಗೂ ಒಂದು ಸ್ಥಾನವಿದೆ. ನೀರು, ಕುಂಚ, ಬಟ್ಟಲುಗಳ ಗೊಂದಲವಿಲ್ಲದೆ ನೆಲದ ಮೇಲೆ ಕುಳಿತು ಬರೆಯಬಹುದೆಂದು ಮಕ್ಕಳು ಅನೇಕ ವೇಳೆ ಹಿಡಿಯುವದು ಪೇಸ್ಟಲ್ ಬಳಪವನ್ನು. ಹೀಗಿರುವಾಗ ಪೇಸ್ಟಲ್ ಚಿತ್ರವನ್ನು ಯಾವ ಅಳತೆಯಿಂದ ಅಳೆಯತಕ್ಕದ್ದೆಂಬ ಪ್ರಶ್ನೆಯನ್ನು ವಿಮರ್ಶಕರು ಅಲಕ್ಷಿಸಲಾಗದು.

ಮೊದಲು ವಸ್ತುವಿನ ಸ್ವಭಾವವನ್ನು ತಿಳಿಯಬೇಕು. ಪೇಸ್ಟಲಿನಲ್ಲಿ ಎರಡು ಬಗೆ. ಬಣ್ಣದ ಪುಡಿಗೆ ಸೀಮೆಸುಣ್ಣದಂಥ ಬಿಳಿಯ ಪುಡಿಯನ್ನೂ ತುಸು ಅಂಟನ್ನೂ ಕೂಡಿಸಿ ಹೊಸೆದರೆ ಒಣ ಪೇಸ್ಟಲು. ಬಣ್ಣದ ಪುಡಿಯನ್ನು ಮೇಣದಲ್ಲಿಯೂ ಒಣಗದ ಎಣ್ಣೆಯಲ್ಲಿಯೂ ಕಲಿಸಿದರೆ ಎಣ್ಣೆ ಪೇಸ್ಟಲು. ಶಾಲೆಯ ಮಕ್ಕಳ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವದು ಇದೇ. ಎರಡಕ್ಕೂ ಸಮಾನವಾದ ಧರ್ಮಗಳು ಮೂರು. ಕುಂಚದ ಚಿತ್ರದಲ್ಲಿ ರೇಖೆಯು ಮೊದಲು, ಬಣ್ಣವು ಅನಂತರ. ಇಲ್ಲಿ ಒಂದೇ ಗೀರಿನಲ್ಲಿ ರೇಖೆಯೂ ಬಣ್ಣವೂ ಜೊತೆಯಾಗಿ ಹುಟ್ಟುವವು. ಅಲ್ಲಿ ಬಣ್ಣಗಳು ತಟ್ಟೆಯಲ್ಲಿ ಬೆರೆಯುವವು. ಇಲ್ಲಿ ಕಾಗದದ ಮೇಲೆಯೇ, ಒಂದರ ಮೇಲೊಂದು ಕುಳಿತು ಬೆರೆಯಬೇಕು. ಮೂರನೆಯದಾಗಿ, ಬಳಪವು ಕಾಗದದ ತರಿಯನ್ನು ಹಿಡಿದು ನಿಲ್ಲುವದು. ತರಿಯು ತುಂಬಿದ ಮೇಲೆ ಎಷ್ಟು ತಿಕ್ಕಿದರೂ ಹೊಸ ಬಣ್ಣವು ಹತ್ತದು. ಆದುದರಿಂದ ಗೀರಿನ ಧೈರ್ಯ, ಪದರುಗಳ ಕ್ರಮ, ನಡುವೆ ಉಸಿರಾಡುವ ಕಾಗದ, ಇವೇ ಪೇಸ್ಟಲಿನ ಸೊಗಸು.

ಬಣ್ಣದ ಕಡ್ಡಿಯೆಂಬದು ಕನ್ನಡ ನಾಡಿಗೆ ಪೂರ್ತಿ ಅಪರಿಚಿತವಾದ ವಿಚಾರವೂ ಅಲ್ಲ. 12ನೆಯ ಶತಮಾನದ ಮೊದಲರ್ಧದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದ ಚಿತ್ರಪ್ರಕರಣದಲ್ಲಿ ವರ್ತಿಕೆಯೆಂಬ ಸಾಧನವನ್ನು ಹೇಳಿದ್ದಾನೆ. ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಬತ್ತಿಯಂತೆ ಹೊಸೆದದ್ದೇ ವರ್ತಿಕೆ. ಪುಡಿಬಣ್ಣಗಳಿಂದ ಮಾಡುವ ಧೂಳಿಚಿತ್ರವನ್ನೂ ಆ ಗ್ರಂಥವು ಬೇರೊಂದು ಬಗೆಯೆಂದು ಎಣಿಸುವದು. ಮನೆಯಂಗಳದ ರಂಗವಲ್ಲಿಯು ಅದರ ಬಂಧು. ಇಂದಿನ ಪೇಸ್ಟಲು ಅವುಗಳಿಂದ ಹುಟ್ಟಿತೆಂದು ಸಾಧಿಸುವದು ಹುಚ್ಚುತನ; ಆದರೆ ಪುಡಿಯನ್ನು ಹಿಡಿದು ರೂಪವನ್ನು ನಿಲ್ಲಿಸುವ ವಿದ್ಯೆಯು ಇಲ್ಲಿಯ ಕೈಗಳಿಗೆ ಹೊಸದಲ್ಲವೆಂಬದು ನಿಶ್ಚಯ.

ಯುರೋಪಿನಲ್ಲಿ ಈ ಬಳಪವು 18ನೆಯ ಶತಮಾನದಲ್ಲಿ ದೊಡ್ಡ ಮನ್ನಣೆಯನ್ನು ಪಡೆಯಿತು. ವೆನಿಸಿನ ರೊಸಾಲ್ಬಾ ಕರ್ರಿಯೆರಾ ಎಂಬ ಚಿತ್ರಗಾರ್ತಿಯನ್ನು ಪ್ಯಾರಿಸಿನ ರಾಜಮನ್ನಣೆಯ ಚಿತ್ರಪರಿಷತ್ತು 1720ರಲ್ಲಿ ತನ್ನೊಳಗೆ ಸೇರಿಸಿಕೊಂಡಿತು. ಆಕೆಯ ಕೀರ್ತಿಗೆ ಪೇಸ್ಟಲಿನ ಮುಖಚಿತ್ರಗಳೇ ಕಾರಣ. ತೈಲವರ್ಣದಲ್ಲಿ ಹೆಸರಾದ ಶಾರ್ದಾನನು ಮುಪ್ಪಿನಲ್ಲಿ ಕಣ್ಣಿನ ಬೇನೆಯಿಂದ ತೈಲವನ್ನು ಬಿಟ್ಟು ಪೇಸ್ಟಲನ್ನು ಹಿಡಿದನು. 1771ರಿಂದೀಚೆಗೆ ಅವನು ಬರೆದ ಮುಖಗಳಲ್ಲಿ ಬೇರೆ ಬೇರೆ ಬಣ್ಣದ ಗೀರುಗಳು ಹತ್ತಿರದಿಂದ ಬಿಡಿಬಿಡಿಯಾಗಿಯೇ ಇರುವವು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅವು ಕೂಡಿ ಮುಪ್ಪಿನ ಚರ್ಮವಾಗುವವು. ಗೀರುಗಳನ್ನು ತಿಕ್ಕಿ ಅಳಿಸುವದೇ ನೈಪುಣ್ಯವೆಂದು ತಿಳಿದ ಪರೀಕ್ಷಕನು ಆ ವೃದ್ಧನ ಕೃತಿಗೆ ಎಷ್ಟು ಅಂಕ ಕೊಟ್ಟಾನು?

ಎಣ್ಣೆ ಪೇಸ್ಟಲಿನ ಹುಟ್ಟು ಇನ್ನೂ ಮನನೀಯವಾದದ್ದು. ಜಪಾನಿನ ಶಾಲೆಗಳಲ್ಲಿ ಮಕ್ಕಳು ಪಠ್ಯಪುಸ್ತಕದ ಮಾದರಿಗಳನ್ನು ನೋಡಿ ನಕಲು ಮಾಡುವದೇ ಚಿತ್ರಪಾಠವಾಗಿತ್ತು. ಯಾಮಾಮೊಟೊ ಕನಾಯೆ ಎಂಬ ಚಿತ್ರಕಾರನು ಇದನ್ನು ವಿರೋಧಿಸಿ, ಮಗುವು ತಾನು ಕಂಡದ್ದನ್ನು ತಾನೇ ಬರೆಯಬೇಕೆಂದು 1919ರಲ್ಲಿ ನಾಗಾನೊ ಪ್ರಾಂತದಲ್ಲಿ ಸ್ವತಂತ್ರ ಚಿತ್ರದ ಚಳವಳಿಯನ್ನು ಹೂಡಿದನು. ಆ ವಿಚಾರದ ಪ್ರೇರಣೆಯಿಂದ ಸಕುರಾ ಎಂಬ ಕಂಪನಿಯು ಮಕ್ಕಳ ಕೈಗೆ ಒಗ್ಗುವ ಎಣ್ಣೆಯ ಬಳಪವನ್ನು 1925ರಲ್ಲಿ ಹೊರತಂದಿತು. ಅಂದಮೇಲೆ ನಕಲಿನಿಂದ ಮಕ್ಕಳನ್ನು ಬಿಡಿಸುವದಕ್ಕಾಗಿ ಹುಟ್ಟಿದ ಸಾಧನವಿದು. ಅದೇ ಸಾಧನದಿಂದ ನಕಲನ್ನು ಬರೆಯಿಸಿ, ಆ ನಕಲಿಗೆ ಪಾರಿತೋಷಕವನ್ನೂ ಕೊಟ್ಟರೆ ವಿಪರ್ಯಾಸಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಆ ನಕಲು ಯಾವುದೆಂಬದನ್ನು ವಾಚಕರೆಲ್ಲರೂ ಬಲ್ಲರು. ಎರಡು ತ್ರಿಕೋನ ಗುಡ್ಡಗಳು, ಅವುಗಳ ಸಂದಿನಲ್ಲಿ ಅರ್ಧ ಸೂರ್ಯ, ನಾಲ್ಕು ಹಕ್ಕಿಗಳು, ಕೆಳಗೆ ಇಳಿದು ಬರುವ ಹೊಳೆ, ದಂಡೆಯಲ್ಲಿ ಒಂದು ಗುಡಿಸಲು, ಬಾಗಿದ ತೆಂಗಿನ ಮರ. ಬೆಳಗಾವಿಯಲ್ಲಿಯೂ ಇದೇ, ಬೀದರದಲ್ಲಿಯೂ ಇದೇ. ಸುರೇಬಾನದ ಸುತ್ತ ಎರೆಯ ಹೊಲವಿದೆ, ಜೋಳದ ಬೆಳೆಯಿದೆ. ದಕ್ಷಿಣಕ್ಕೆ ಹೋದರೆ ಕೋಟೆಯನ್ನು ಹೊತ್ತ ನರಗುಂದದ ಗುಡ್ಡವಿದೆ. ಆ ಗುಡ್ಡವು ತ್ರಿಕೋನವಲ್ಲ. ಇಲ್ಲಿ ಒಂದು ಆಕ್ಷೇಪವು ಬರಬಹುದು: ಸವದತ್ತಿಯ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಯು ನಿಜವಾಗಿಯೂ ಗುಡ್ಡದ ಸಾಲನ್ನು ಸೀಳಿಕೊಂಡು ಹರಿಯುವದು, ಎರಡು ಗುಡ್ಡ, ನಡುವೆ ಹೊಳೆ ಅಲ್ಲಿ ಇವೆಯಲ್ಲವೇ? ಇವೆ. ಆದರೆ ಅದನ್ನು ಕಂಡು ಬರೆದ ಮಗುವಿನ ಕೈಯಲ್ಲಿ ಬಂಡೆಯ ಒರಟೂ, ಸಂದಿನ ಇಕ್ಕಟ್ಟೂ, ನೀರಿನ ಬಣ್ಣವೂ ತಾವಾಗಿಯೇ ಬರುವವು. ದೋಷವು ವಿಷಯದಲ್ಲಿಲ್ಲ, ಕಾಣದೆ ಬರೆಯುವದರಲ್ಲಿದೆ. ಅರ್ಥವರಿಯದೆ ವೇದವನ್ನು ಪಾಠಮಾಡಿದವನನ್ನು ಯಾಸ್ಕರ ನಿರುಕ್ತವು ಭಾರ ಹೊತ್ತ ಕಂಬಕ್ಕೆ ಹೋಲಿಸುವದು. ಕಂಠಪಾಠದ ಚಿತ್ರವೂ ಅಂಥ ಭಾರವೇ ಸರಿ.

ಹಾಗಾದರೆ ಅಳತೆಗೋಲು ಯಾವುದು? ಕಾಮಸೂತ್ರಕ್ಕೆ ವ್ಯಾಖ್ಯಾನ ಬರೆದ ಯಶೋಧರನು ಚಿತ್ರಕ್ಕೆ ಆರು ಅಂಗಗಳನ್ನು ಎಣಿಸಿದ್ದಾನೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಹತ್ತು ವರುಷದ ಮಗುವಿನ ಹಾಳೆಗೆ ಈ ಶಾಸ್ತ್ರವೇಕೆಂದು ನಗುವವರಿಗೆ ಉತ್ತರವು ಸುಲಭ. ರೂಪಭೇದವೆಂದರೆ ಎಮ್ಮೆಯು ಎಮ್ಮೆಯಾಗಿ, ಎತ್ತು ಎತ್ತಾಗಿ ತೋರುವದು. ಇದನ್ನು ಹಳ್ಳಿಯ ಮಗುವು ಪಟ್ಟಣದ ಪಂಡಿತನಿಗಿಂತ ಚೆನ್ನಾಗಿ ಬಲ್ಲದು. ಪ್ರಮಾಣದಲ್ಲಿ ಮಾತ್ರ ಮಕ್ಕಳಿಗೆ ರಿಯಾಯಿತಿ ಬೇಕು. ತಾಯಿಯನ್ನು ಮನೆಗಿಂತ ದೊಡ್ಡದಾಗಿ ಬರೆದ ಮಗುವು ಪ್ರಮಾಣವನ್ನು ತಪ್ಪಿ ಭಾವವನ್ನು ಹಿಡಿದಿರಬಹುದು. ಲಾವಣ್ಯಯೋಜನೆಯು ಹಾಳೆಯಲ್ಲಿ ಎಲ್ಲಿ ತುಂಬಬೇಕು, ಎಲ್ಲಿ ಬಿಡಬೇಕೆಂಬ ವಿವೇಕ. ಸಾದೃಶ್ಯವು ಕಂಡದ್ದಕ್ಕೆ ನಿಷ್ಠೆ. ವರ್ಣಿಕಾಭಂಗವಂತೂ ಪೇಸ್ಟಲಿನ ಜೀವವೇ. ಎರೆಭೂಮಿಯನ್ನು ಕರಿಯ ಕಡ್ಡಿಯಿಂದ ತಿಕ್ಕಿದ ಮಗುವು ಹೆಸರನ್ನು ಬರೆಯಿತು. ಕಂದಿನ ಮೇಲೆ ನೇರಿಳೆಯನ್ನೂ ಅದರ ಮೇಲೆ ಕಡುನೀಲಿಯನ್ನೂ ಎಳೆದ ಮಗುವು ಮಳೆಯಾದ ಮರುದಿನದ ಹೊಲವನ್ನು ಬರೆಯಿತು. ಈ ರಹಸ್ಯವು ನೇಕಾರರ ಮನೆಗಳಿಗೆ ಹೊಸದಲ್ಲ. ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನ ನೂಲು ಇನ್ನೊಂದು ಬಣ್ಣವಾದರೆ ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಮೂರನೆಯ ಬಣ್ಣವೊಂದು ಮಿನುಗುವದು. ಮಗ್ಗದ ಸಪ್ಪಳವನ್ನು ಕೇಳಿ ಬೆಳೆದ ಮಗುವಿಗೆ ಇದನ್ನು ಹೇಳಿಕೊಟ್ಟರೆ ಒಂದು ಗಳಿಗೆಯಲ್ಲಿ ತಿಳಿದೀತು.

ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ನೋಡುವವರ ನಾಲ್ಕು ತರಗಳ ಮಾತಿದೆ. ಆಚಾರ್ಯರು ರೇಖೆಯನ್ನು ಮೆಚ್ಚುವರು, ವಿಚಕ್ಷಣರು ನೆರಳುಬೆಳಕನ್ನು, ಸ್ತ್ರೀಯರು ಭೂಷಣವನ್ನು, ಉಳಿದ ಜನರು ಬಣ್ಣದ ಸಮೃದ್ಧಿಯನ್ನು ಎಂದು ಅದರ ತಾತ್ಪರ್ಯ. ಈ ವಿಭಾಗವನ್ನು ಜನರಿಗೆ ಹಚ್ಚುವದು ಇಂದು ಯೋಗ್ಯವಲ್ಲ. ಇವು ಒಂದೇ ಕಣ್ಣಿನ ನಾಲ್ಕು ಅವಸ್ಥೆಗಳೆಂದು ತಿಳಿದರೆ ಹೆಚ್ಚು ಪ್ರಯೋಜನವುಂಟು. ಹಾಳೆಯು ಎದುರಿಗೆ ಬಂದೊಡನೆ ಯಾವ ಕಣ್ಣನ್ನಾದರೂ ಮೊದಲು ಸೆಳೆಯುವದು ಗಾಢವಾದ ಬಣ್ಣವೇ. ಅನಂತರ ಅಲಂಕಾರವು, ಆಮೇಲೆ ನೆರಳುಬೆಳಕು, ಕೊನೆಯಲ್ಲಿ ರೇಖೆಯ ಸತ್ಯವು. ಅವಸರದ ಪರೀಕ್ಷಕನು ಮೊದಲನೆಯ ಮೆಟ್ಟಿಲಲ್ಲಿಯೇ ಕುಳಿತುಬಿಡುತ್ತಾನೆ. ಹಾಳೆಯ ಮೂಲೆಮೂಲೆಯನ್ನು ಬಣ್ಣದಿಂದ ಮೆತ್ತಿದರೆ ‘ಪೂರ್ಣ’ವೆಂದೂ, ಕಾಗದವು ಕಂಡರೆ ‘ಅಪೂರ್ಣ’ವೆಂದೂ ತೀರ್ಮಾನಿಸುತ್ತಾನೆ. ಪೇಸ್ಟಲಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಇನ್ನು ಅಂಕಪತ್ರದ ವಿಚಾರ. ವಿಷಯ, ರೇಖೆ, ಬಣ್ಣ, ಸ್ವಚ್ಛತೆ ಎಂದು ನಾಲ್ಕು ಮನೆಗಳನ್ನು ಮಾಡಿ ಒಂದೊಂದಕ್ಕೆ ಹತ್ತು ಅಂಕಗಳನ್ನಿಟ್ಟು ಕೂಡಿಸುವರೆಂದು ಭಾವಿಸಬಹುದು. ನಾಲ್ಕರಲ್ಲಿಯೂ ಏಳೇಳು ಪಡೆದ ಹಾಳೆಗೆ ಇಪ್ಪತ್ತೆಂಟು. ರೇಖೆಯಲ್ಲಿ ಹತ್ತು, ಬಣ್ಣದಲ್ಲಿ ಹತ್ತು, ವಿಷಯದಲ್ಲಿ ನಾಲ್ಕು, ಬೆರಳಿನ ಗುರುತು ಬಿದ್ದುದರಿಂದ ಸ್ವಚ್ಛತೆಯಲ್ಲಿ ಮೂರು ಪಡೆದ ಹಾಳೆಗೆ ಇಪ್ಪತ್ತೇಳು. ಗುಣವೂ ಇಲ್ಲದ ದೋಷವೂ ಇಲ್ಲದ ಚಿತ್ರವು ಗೆದ್ದಿತು. ಜೀವವುಳ್ಳ ಚಿತ್ರವು ಸೋತಿತು. ಲೆಕ್ಕದಲ್ಲಿ ತಪ್ಪಿಲ್ಲ, ತೀರ್ಪಿನಲ್ಲಿ ತಪ್ಪಿದೆ. ಅಡಿಗೆಯ ರುಚಿಯನ್ನು ಉಪ್ಪಿಗೆ ಇಷ್ಟು, ಹುಳಿಗೆ ಇಷ್ಟೆಂದು ಕೂಡಿಸಿ ತಿಳಿದವರುಂಟೆ?

ಹಾಗೆಂದು ಅಂಕಗಳನ್ನೇ ಎಸೆದುಬಿಟ್ಟರೆ ಪಕ್ಷಪಾತಕ್ಕೆ ಬಾಗಿಲು ತೆರೆದಂತಾಗುವದೆಂಬ ಮಾತೂ ಸುಳ್ಳಲ್ಲ. ಅದಕ್ಕೆ ಮಧ್ಯಮಮಾರ್ಗವಿದೆ. ಅಂಕಗಳಿಂದ ಕೇರಿ ಕಾಳನ್ನು ಉಳಿಸಿಕೊಳ್ಳಬೇಕು, ಉಳಿದ ಹತ್ತು ಹಾಳೆಗಳಲ್ಲಿ ಮೊದಲನೆಯದನ್ನು ಕಣ್ಣಿನಿಂದ ಆರಿಸಬೇಕು. ಹೆಸರುಗಳನ್ನು ಮುಚ್ಚಿಟ್ಟು, ಹಾಳೆಗಳನ್ನೆಲ್ಲ ಗೋಡೆಗೆ ಹಚ್ಚಿ, ಮೊದಲು ದೂರದಿಂದಲೂ ಆಮೇಲೆ ಹತ್ತಿರದಿಂದಲೂ ನೋಡತಕ್ಕದ್ದು. ಮೂವರು ಪರೀಕ್ಷಕರು ಮಾತಾಡಿಕೊಳ್ಳುವದಕ್ಕಿಂತ ಮುಂಚೆ ತಮ್ಮ ತಮ್ಮ ಅಭಿಪ್ರಾಯವನ್ನು ಬೇರೆ ಬೇರೆಯಾಗಿ ಬರೆದಿಡತಕ್ಕದ್ದು. ವಿಷಯವನ್ನು ಆ ಗಳಿಗೆಯಲ್ಲಿಯೇ ಕೊಡಬೇಕು, ಅದೂ ಮಗುವು ನಿನ್ನೆಮೊನ್ನೆ ಕಂಡದ್ದಾಗಿರಬೇಕು: ಸಂತೆ, ಮಗ್ಗ, ಜಾತ್ರೆಯ ತೇರು, ಮನೆಯ ಅಟ್ಟ. ಮುಖ್ಯವಾಗಿ ಎಲ್ಲರಿಗೂ ಒಂದೇ ಬಗೆಯ ಕಾಗದವನ್ನೂ ಹನ್ನೆರಡೇ ಬಣ್ಣಗಳ ಒಂದೇ ಪೆಟ್ಟಿಗೆಯನ್ನೂ ಒದಗಿಸಬೇಕು. ಒಬ್ಬನ ಹತ್ತಿರ ನಾಲ್ವತ್ತೆಂಟು ಕಡ್ಡಿಗಳು, ಇನ್ನೊಬ್ಬಳ ಹತ್ತಿರ ಅಣ್ಣನು ಸವೆಯಿಸಿ ಕೊಟ್ಟ ಐದು ತುಂಡುಗಳು ಇದ್ದರೆ ಅಲ್ಲಿ ಸ್ಪರ್ಧೆಯು ಮಕ್ಕಳದಾಗದೆ ತಂದೆಗಳ ಜೇಬಿನದಾಗುವದು.

ಸುರೇಬಾನದವರಿಗೆ ಈ ವಿಷಯದಲ್ಲಿ ಒಂದು ಮನೆಯ ದೃಷ್ಟಾಂತವುಂಟು. ಊರಿನ ಹತ್ತಿರದ ಶಬರಿಕೊಳ್ಳವನ್ನು ಜನರು ಶಬರಿಯು ರಾಮನನ್ನು ಕಾದ ಸ್ಥಳವೆಂದು ನಂಬಿ ನಡೆದುಕೊಳ್ಳುವರು. ವಾಲ್ಮೀಕಿಯ ಶಬರಿಯು ರಾಮನಿಗಾಗಿ ಕಾಡಿನ ಫಲಗಳನ್ನು ಕೂಡಿಸಿ ಇಟ್ಟಿದ್ದಳು. ಒಂದೊಂದನ್ನೂ ಕಚ್ಚಿ ರುಚಿನೋಡಿ ಸಿಹಿಯಾದದ್ದನ್ನೇ ಕೊಟ್ಟಳೆಂಬದು ಮೂಲದಲ್ಲಿಲ್ಲ, ಜನರ ಬಾಯಲ್ಲಿ ಬೆಳೆದ ಕಥೆ. ಜನರು ಅದನ್ನು ಸುಮ್ಮನೆ ಸೇರಿಸಲಿಲ್ಲ. ಬಾರಿಹಣ್ಣಿನ ಕೆಂಪು ಸಿಪ್ಪೆಯನ್ನು ನಂಬಬಾರದೆಂಬದನ್ನು ಅವರು ಬಲ್ಲರು. ಪರೀಕ್ಷಕನ ಧರ್ಮವೂ ಅಷ್ಟೇ. ಒಂದೊಂದು ಹಾಳೆಯ ಮುಂದೆಯೂ ಸಾವಕಾಶವಾಗಿ ನಿಂತು ಅದರೊಳಗಿನ ಮಗುವು ಏನನ್ನು ಕಂಡಿತೆಂದು ರುಚಿನೋಡದೆ ತೀರ್ಪು ಹೇಳಲಾಗದು. ಅದಕ್ಕೆ ಹೊತ್ತು ಬೇಕು. ಮಧ್ಯಾಹ್ನದ ಊಟಕ್ಕಿಂತ ಮುಂಚೆ ಇನ್ನೂರು ಹಾಳೆಗಳನ್ನು ಮುಗಿಸಬೇಕೆಂದು ಕರೆದವರು ಒತ್ತಾಯಿಸಿದರೆ ಪರೀಕ್ಷಕನು ಆ ಕರೆಯನ್ನು ಒಪ್ಪದಿರುವದೇ ಮೇಲು.

ತೀರ್ಪಿನ ಕೂಡ ಕಾರಣವನ್ನೂ ಹೇಳುವದು ಕೊನೆಯ ಕರ್ತವ್ಯ. ನ್ಯಾಯಶಾಸ್ತ್ರದಲ್ಲಿ ಹೇತುವಿಲ್ಲದ ಪ್ರತಿಜ್ಞೆಗೆ ಬೆಲೆಯಿಲ್ಲ. ಚಿತ್ರದ ತೀರ್ಪಿಗೂ ಅದೇ ನಿಯಮ ಸಲ್ಲಬೇಕು. ಗೆದ್ದ ಹಾಳೆಯ ಕೆಳಗೆ ಎರಡು ಸಾಲು, ಸೋತ ಹಾಳೆಗಳಲ್ಲಿ ಗುಣವಿದ್ದಲ್ಲಿ ಒಂದೊಂದು ಸಾಲು, ಮಗುವಿಗೆ ತಿಳಿಯುವ ಮಾತಿನಲ್ಲಿ ಬರೆದು ಶಾಲೆಯ ಗೋಡೆಯ ಮೇಲೆ ಎಂಟು ದಿನ ಬಿಡಬೇಕು. ‘ನಿನ್ನ ಎಮ್ಮೆಯ ಬೆನ್ನಿನ ಗೀರು ಚೆನ್ನಾಗಿದೆ, ಆಕಾಶವನ್ನು ಇಷ್ಟು ತಿಕ್ಕಬೇಡ’ ಎಂಬ ಒಂದು ಮಾತು ಪಾರಿತೋಷಕದ ಬಟ್ಟಲಿಗಿಂತ ಹೆಚ್ಚು ಕಾಲ ಬಾಳುವದು. ಬಟ್ಟಲು ಒಂದೇ ಮನೆಗೆ ಹೋಗುವದು. ಗೋಡೆಯ ಮೇಲಿನ ಮಾತನ್ನು ಶಾಲೆಗೆ ಬರುವ ಮಕ್ಕಳೆಲ್ಲರೂ ಓದಿಕೊಳ್ಳಬಹುದು.