ಢೀಲ್ ಕೊಡಿ, ಹಗ್ಗಕ್ಕೆ

ಹಾಯಿ ಪಟಪಟ ಹೊಡೆದುಕೊಂಡರೆ ಹೊಸಬನಿಗೆ ಮಾನ ಹೋದ ಹಾಗೆ. ದಡದಲ್ಲಿರುವವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಹಗ್ಗವನ್ನು ಬಲವಾಗಿ ಎಳೆದುಕೊಳ್ಳುತ್ತಾನೆ. ಬಟ್ಟೆ ತೆಪ್ಪಗಾಗುತ್ತದೆ, ಇಸ್ತ್ರಿ ಹಾಕಿದಂತೆ ಚೆಂದ ಕಾಣುತ್ತದೆ. ದೋಣಿ ಮಾತ್ರ ಪಕ್ಕಕ್ಕೆ ವಾಲಿಕೊಂಡು ಅಲ್ಲೇ ಹೆಣಗುತ್ತಿರುತ್ತದೆ. ಹೈದರಾಬಾದಿನ ಹುಸೇನ್ ಸಾಗರ ಕೆರೆಯಲ್ಲಿ ನಾನು ಮೊದಲ ಎರಡು ವಾರ ಮಾಡಿದ್ದು ಇದೇ ಘನಕಾರ್ಯ.

ಕಲಿಸುತ್ತಿದ್ದವರು ಸೇನೆಯಿಂದ ನಿವೃತ್ತರಾದ ಸುಬೇದಾರರು. ಮೋಟಾರು ದೋಣಿಯಲ್ಲಿ ಕೂತು ಅವರು ಕೂಗುತ್ತಿದ್ದುದು ಒಂದೇ ಮಾತು: 'ಢೀಲ್ ದೋ ಸಾಬ್, ಢೀಲ್!' ಸಂಕ್ರಾಂತಿಯಲ್ಲಿ ಹೈದರಾಬಾದಿನ ಮಾಳಿಗೆಗಳ ಮೇಲೆ ಗಾಳಿಪಟ ಹಾರಿಸುವ ಹುಡುಗರ ಮಾತು ಅದು. ದಾರ ಸಡಿಲ ಬಿಡು ಎಂದರ್ಥ. ಹಗ್ಗಕ್ಕೆ 'ಶೀಟ್' ಅನ್ನುತ್ತಾರೆಂದು ತಿಳಿಯದೆ ಮೊದಲ ದಿನ ಬಟ್ಟೆಗೇ ಕೈ ಹಾಕಿದ್ದವನಿಗೆ ಈ ಭಾಷೆಯಾದರೂ ಅರ್ಥವಾಗುತ್ತಿತ್ತು. ಕೈ ಕೇಳುತ್ತಿರಲಿಲ್ಲ ಅಷ್ಟೆ.

ನನ್ನದು ಲೇಸರ್ ದೋಣಿ. ಕೆನಡಾದ ಬ್ರೂಸ್ ಕಿರ್ಬಿ 1969ರಲ್ಲಿ ಫೋನಿನಲ್ಲಿ ಮಾತಾಡುತ್ತಲೇ ಗೀಚಿದ ಚಿತ್ರದಿಂದ ಹುಟ್ಟಿದ್ದು. ಉದ್ದ ನಾಲ್ಕು ಮೀಟರಿಗೆ ತುಸು ಹೆಚ್ಚು, ಒಬ್ಬನೇ ಸವಾರ, ಒಂದೇ ಹಾಯಿ. ದೊಡ್ಡ ಹಾಯಿ 7.06 ಚದರ ಮೀಟರ್. ನನ್ನಂಥ ಹಗುರ ಆಳಿಗೆ 5.76ರ ರೇಡಿಯಲ್ ಸಾಕು. ಭಾರತದ ನೇತ್ರಾ ಕುಮನನ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದೂ ರೇಡಿಯಲ್‌ನಲ್ಲೇ. ಒಂದೇ ಹಾಯಿ ಅಂದಮೇಲೆ ತಪ್ಪು ಹೊರಿಸಲು ಇನ್ನೊಂದಿಲ್ಲ.

ಗಾಳಿ ಹಾಯಿಯನ್ನು ನೂಕುತ್ತದೆ ಎಂಬುದು ಬೆನ್ನಿಗೆ ಗಾಳಿಯಿದ್ದಾಗಿನ ಮಾತು. ಅದು ಪಕ್ಕದಿಂದಲೋ ಓರೆಯಾಗಿ ಎದುರಿನಿಂದಲೋ ಬಂದಾಗ ಹಾಯಿ ವಿಮಾನದ ರೆಕ್ಕೆಯಾಗುತ್ತದೆ. ಎರಡೂ ಮೈ ಸವರಿಕೊಂಡು ಗಾಳಿ ಹರಿಯಬೇಕು. ಅತಿಯಾಗಿ ಎಳೆದರೆ ಹೊರಮೈಯ ಹರಿವು ಕಿತ್ತುಹೋಗಿ ಸುಳಿಯೇಳುತ್ತದೆ. ದೋಣಿಯನ್ನು ಮುಂದೊಯ್ಯಬೇಕಿದ್ದ ಬಲ ಅದನ್ನು ಉರುಳಿಸಲು ಹೊರಡುತ್ತದೆ. ಕಷ್ಟವೆಂದರೆ, ಆಗ ಹಾಯಿ ಚಕಾರ ಎತ್ತುವುದಿಲ್ಲ. ಸಡಿಲವಾದರೆ ಕಂಬದ ಕಡೆಯ ಅಂಚು ನಡುಗಿ ದೂರು ಹೇಳುತ್ತದೆ. ಬಿಗಿಯಾದರೆ ಹಲ್ಲುಕಚ್ಚಿ ಸುಮ್ಮನಿರುತ್ತದೆ.

ಅದಕ್ಕೇ ಸುಬೇದಾರರ ಢೀಲ್. ಅಂಚು ನಡುಗುವ ತನಕ ಬಿಡು, ನಡುಕ ನಿಲ್ಲುವಷ್ಟೇ ಎಳೆ, ಸ್ವಲ್ಪ ಹೊತ್ತಿಗೆ ಮತ್ತೆ ಬಿಟ್ಟು ನೋಡು. ರಾಗಿ ತೂರುವ ಕಣದಲ್ಲಿ ನಮ್ಮಜ್ಜಿ ಒಂದು ಹಿಡಿ ಹೊಟ್ಟು ಬಿಟ್ಟು ಗಾಳಿಯನ್ನು ವಿಚಾರಿಸುತ್ತಿದ್ದಳು. ಇಲ್ಲಿ ಆ ಕೆಲಸಕ್ಕೆ ಹಾಯಿಯ ಎರಡೂ ಮೈಗೆ ಅಂಟಿಸಿದ ಉಣ್ಣೆಯ ಎಳೆಗಳಿವೆ. ಗಾಳಿ ಬರುವ ಕಡೆಯ ಎಳೆ ಎದ್ದು ಕುಣಿದರೆ ಹಗ್ಗ ಎಳೆಯಬೇಕು. ಮರೆಯ ಕಡೆಯದು ಕುಣಿದರೆ ಬಿಡಬೇಕು. ಬಟ್ಟೆ ತೆಳು, ಆಚೆಯ ಎಳೆಯ ನೆರಳು ಈಚೆಗೇ ಕಾಣುತ್ತದೆ. ಸರಿಹೋಯಿತು ಅನ್ನುವಷ್ಟರಲ್ಲಿ ದೋಣಿ ವೇಗ ಹಿಡಿಯುತ್ತದೆ. ಸ್ಕೂಟರ್ ಓಡಿಸುವಾಗ ಆಗುವ ಹಾಗೆ ಗಾಳಿ ಎದುರಿಗೆ ಸರಿದಂತಾಗಿ, ಅಂಚು ಮತ್ತೆ ನಡುಗುತ್ತದೆ. ಇನ್ನೊಂದು ಗೇಣು ಎಳೆಯಿರಿ.

ವ್ಯಾಂಗ್, ಔಟ್‌ಹಾಲ್, ಕನ್ನಿಂಗ್‌ಹ್ಯಾಮ್ ಎಂಬ ಬೇರೆ ಹಗ್ಗಗಳೂ ಇವೆ, ಹಾಯಿಯ ಹೊಟ್ಟೆ ಉಬ್ಬಿಸಲು, ತಗ್ಗಿಸಲು. ಬಲ್ಲವರಿಂದ ಒಮ್ಮೆ ಹದ ಮಾಡಿಸಿ ಬಿಟ್ಟುಬಿಡಿ. ಶ್ರುತಿ ಸೇರದವನು ತಾನ ಹಾಡಲು ಹೊರಡಬಾರದು.

ಮಳೆಗಾಲದ ಪಡುಗಾಳಿ ಇಲ್ಲಿ ನೆಕ್ಲೆಸ್ ರಸ್ತೆಯ ಕಡೆಯಿಂದ, ಮರ ಕಟ್ಟಡಗಳ ಸಂದಿಯಲ್ಲಿ ನುಸುಳಿ, ತುಂಡುತುಂಡಾಗಿ ಬರುತ್ತದೆ. ಹಗ್ಗವನ್ನು ಎಲ್ಲೂ ಕಟ್ಟಿಟ್ಟು ಕೂರುವಂತಿಲ್ಲ. ಹೈದರಾಬಾದ್ ಸೇಲಿಂಗ್ ವೀಕ್ ನಡೆಯುವಾಗ ದಡದಿಂದ ಪಳಗಿದವರ ಕೈ ನೋಡಿ, ಒಂದು ಗಳಿಗೆ ಸುಮ್ಮನಿರುವುದಿಲ್ಲ. ನೀರು ಕಪ್ಪಾಗಿ ಸುಕ್ಕುಗಟ್ಟುತ್ತ ಹತ್ತಿರ ಬಂತೆಂದರೆ ಜೋರುಗಾಳಿ. ಒಮ್ಮೆ ಅದನ್ನು ಕಂಡೂ ಹಗ್ಗ ಬಿಗಿಹಿಡಿದು ಮಗುಚಿಬಿದ್ದೆ. ಆ ಕೆರೆಯ ನೀರಿನ ವಾಸನೆ ಬಲ್ಲವರಿಗೆ ಉಳಿದದ್ದನ್ನು ಹೇಳಬೇಕಿಲ್ಲ.

ಮೊನ್ನೆ ಭಾನುವಾರ ಬುದ್ಧ ಪ್ರತಿಮೆಯತ್ತ ಹೋಗುತ್ತಿದ್ದಾಗ ಅಂಥದೇ ಕಪ್ಪು ಬಂತು. ಒಂದು ಮೊಳ ಬಿಟ್ಟೆ. ಹಾಯಿ ಒಮ್ಮೆ ಮೈ ಜಾಡಿಸಿತು, ಚುಕ್ಕಾಣಿಯ ಜಗ್ಗಾಟ ಇಳಿಯಿತು, ಮೂತಿಯಡಿ ನೀರು ಗುಳುಗುಳು ಅನ್ನತೊಡಗಿತು. ಹೆಮ್ಮೆಯಿಂದ ಹಿಂದಿರುಗಿ ನೋಡಿದರೆ ಸುಬೇದಾರರು ಇನ್ನೊಬ್ಬ ಹೊಸಬನ ಕಡೆಗೆ ತಿರುಗಿ ಕೂಗುತ್ತಿದ್ದರು.