ನೀರು ಯಾವಾಗ ಬಿಡುತ್ತಾರೆ ಎಂದು ನೀವೇ ಕೇಳಿ

‘ನಾಳಿ ಮುಂಜಾನಿ ನೀರ ಬಿಟ್ರ ಇಳಸ್ತೀವ್ರಿ ಸರ್. ಬಿಡ್ಲಿಲ್ಲಂದ್ರ ದಂಡಿ ಮ್ಯಾಲ ಕುಂದರಬೇಕ್ರಿ. ಅದು ನಮ್ಮ ಕೈಯಾಗಿಲ್ಲ.’

ಗಣೇಶಗುಡಿಯಲ್ಲಿ ರ‍್ಯಾಫ್ಟ್ ನಡೆಸುವ ಹುಡುಗನೊಬ್ಬ ಫೋನಿನಲ್ಲಿ ಹೇಳಿದ ಮಾತಿದು. ಅದಕ್ಕೂ ಮೊದಲು ನಾನು ಎರಡು ಸಲ ಕಾಳಿ ನದಿಗೆ ಹೋಗಿ ಬಂದಿದ್ದೆ, ಎರಡು ಸಲವೂ ಏಜೆಂಟರ ಪ್ಯಾಕೇಜಿನಲ್ಲಿ. ಈ ನೀರನ್ನು ಯಾರೋ ಬಿಡುತ್ತಾರೆ, ಬಿಡದೆಯೂ ಇರಬಹುದು ಎಂಬ ಸಂಗತಿ ಆಗ ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಮೂರನೆಯ ಸಲ ಎಲ್ಲವನ್ನೂ ನಾನೇ ಗೊತ್ತು ಮಾಡಿಕೊಳ್ಳಲು ಕೂತೆ. ಮೊದಲ ಐದು ನಿಮಿಷದ ಮಾತಿನಲ್ಲೇ ಆ ಎರಡು ಪ್ರವಾಸಗಳಲ್ಲಿ ತಿಳಿಯದ್ದು ತಿಳಿಯಿತು.

ಸಂಗತಿ ಹೀಗಿದೆ. ಜೋಯಿಡಾ ತಾಲ್ಲೂಕಿನ ಡಿಗ್ಗಿ ಸೀಮೆಯಲ್ಲಿ ಹುಟ್ಟುವ ಕಾಳಿ, 184 ಕಿಲೋಮೀಟರ್ ಹರಿದು ಕಾರವಾರದ ಹತ್ತಿರ ಸಮುದ್ರ ಸೇರುತ್ತದೆ. ದಾರಿಯಲ್ಲಿ ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಅದನ್ನು ತಡೆದು ನಿಲ್ಲಿಸಿದೆ. ಸೂಪಾ ಎಂಬ ಊರೇ ಆ ಹಿನ್ನೀರಿನಲ್ಲಿ ಮುಳುಗಿ, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ ತಲಾ 50 ಮೆಗಾವಾಟ್‌ನ ಎರಡು ಯಂತ್ರಗಳಿವೆ. ಅವನ್ನು ತಿರುಗಿಸಿ ಹೊರಬಂದ ನೀರು ಕೆಳಗಿನ ಬೊಮ್ಮನಹಳ್ಳಿ ಜಲಾಶಯಕ್ಕೆ ಹೋಗುತ್ತದೆ, ಅಲ್ಲಿಂದ ಸುರಂಗದಲ್ಲಿ ನಾಗಝರಿ ವಿದ್ಯುದಾಗಾರಕ್ಕೆ. ನಾವು ಲೈಫ್ ಜಾಕೆಟ್ ಬಿಗಿದುಕೊಂಡು ಇಳಿಯುವುದು ಸೂಪಾಕ್ಕೂ ಬೊಮ್ಮನಹಳ್ಳಿಗೂ ನಡುವಿನ ನದಿಯಲ್ಲಿ. ರಾಜ್ಯಕ್ಕೆ ಕರೆಂಟು ಬೇಕಾದಾಗ ಯಂತ್ರ ತಿರುಗುತ್ತದೆ, ಯಂತ್ರ ತಿರುಗಿದಾಗ ನದಿ ತುಂಬುತ್ತದೆ. ಯಂತ್ರ ನಿಂತರೆ ಬಂಡೆಗಳು ಮೇಲೇಳುತ್ತವೆ, ರ‍್ಯಾಫ್ಟು ದಡದಲ್ಲಿ ಒಣಗುತ್ತದೆ. ಕಾಳಿಯ ಮೇಲಿನ ಪಯಣಕ್ಕೆ ವೇಳಾಪಟ್ಟಿ ಬರೆಯುವುದು ಅಣೆಕಟ್ಟು. ಇದು ಗೊತ್ತಿಲ್ಲದೆ ಮಾಡಿದ ಬುಕಿಂಗು ಅರ್ಧ ಬುಕಿಂಗು.

ಪ್ಯಾಕೇಜಿನಲ್ಲಿ ಈ ಮಾತು ಬರುವುದಿಲ್ಲ. ಅಲ್ಲಿ ಬರುವುದು ಎಣಿಕೆ. ‘ಎರಡು ಹಗಲು, ಒಂದು ರಾತ್ರಿ, ಎಂಟು ಆ್ಯಕ್ಟಿವಿಟಿ.’ ನನ್ನ ಮೊದಲ ಸಲದ ಪ್ಯಾಕೇಜಿನಲ್ಲಿ ರ‍್ಯಾಫ್ಟಿಂಗ್ ಎಂದು ಬರೆದಿತ್ತು. ನೀರಿಗಿಳಿದು ಒಂದು ಇಳಿಜಾರು ದಾಟುವಷ್ಟರಲ್ಲಿ ‘ಮುಗೀತು, ಇಳೀರಿ’ ಅಂದರು. ಕಯಾಕು, ಹರಿಗೋಲು, ಜೋರ್ಬಿಂಗ್ ಎಲ್ಲವೂ ಒಂದೇ ದಂಡೆಯಲ್ಲಿ, ಸಾಲಿನಲ್ಲಿ ನಿಂತು, ತಲೆಗೆ ಐದೋ ಹತ್ತೋ ನಿಮಿಷ. ದಡಕ್ಕೆ ಬಂದಾಗ ಮಗಳು ಕೇಳಿದಳು, ‘ಅಪ್ಪಾ, ನದಿಗೆ ಯಾವಾಗ ಹೋಗೋದು?’ ಆಗಲೇ ನದಿಗೆ ಹೋಗಿ ಬಂದಾಗಿತ್ತು. ಆ ಪ್ರಶ್ನೆ ನನಗೆ ಇವತ್ತಿಗೂ ನೋವು ಕೊಡುತ್ತದೆ.

ಗಿಡ್ಡ ರ‍್ಯಾಫ್ಟಿಂಗ್ ಬೇರೆ, ಉದ್ದದ ರ‍್ಯಾಫ್ಟಿಂಗ್ ಬೇರೆ. ಗಣೇಶಗುಡಿಯಿಂದ ಮೌಳಂಗಿಯ ಕಡೆಗೆ ಸಾಗುವ ಉದ್ದದ ಪಯಣ ಒಂಬತ್ತು ಕಿಲೋಮೀಟರಿನ ಆಸುಪಾಸಿನದು. ರಭಸದ ಇಳಿಜಾರುಗಳ ನಡುವೆ ಉದ್ದುದ್ದ ಶಾಂತ ನೀರು ಸಿಗುತ್ತದೆ. ಹುಟ್ಟು ಮಡಿಲಲ್ಲಿಟ್ಟು ಸುಮ್ಮನೆ ಕೂತರೆ ಎರಡೂ ದಂಡೆಯ ಕಾಡು ತಾನಾಗಿ ಹಿಂದೆ ಸರಿಯುತ್ತದೆ. ನನ್ನ ಮಟ್ಟಿಗೆ ಕಾಳಿಯ ಸುಖ ಇರುವುದು ರಭಸದಲ್ಲಿ ಅಷ್ಟಾಗಿ ಅಲ್ಲ, ಈ ಎರಡು ರಭಸಗಳ ನಡುವಿನ ಮೌನದಲ್ಲಿ. ಗಿಡ್ಡ ಪಯಣದಲ್ಲಿ ಅದು ಸಿಗಲು ಸಾಧ್ಯವೇ ಇಲ್ಲ. ಉದ್ದದ ಪಯಣವಂತೂ ಎಲ್ಲ ದಿನವೂ ಇರುವುದಿಲ್ಲ. ಇದೆಯೇ, ಯಾವ ದಿನ ಇದೆ, ಒಂದು ರ‍್ಯಾಫ್ಟಿನಲ್ಲಿ ಎಷ್ಟು ಮಂದಿ, ಹೆಲ್ಮೆಟ್ ಕೊಡುತ್ತಾರೆಯೇ, ನೀರು ಬಿಡದಿದ್ದರೆ ಹಣದ ಗತಿಯೇನು ಎಂಬುದನ್ನೆಲ್ಲ ನೇರವಾಗಿ ನದಿಯವರನ್ನೇ ಕೇಳಬೇಕು. ‘ಎಷ್ಟು ಮಂದಿ ಬೇಕಾದರೂ ಕೂರಿಸುತ್ತೇವೆ’ ಎಂಬ ಉತ್ತರ ಬಂದರೆ ಅಲ್ಲಿಗೇ ಫೋನ್ ಇಡಿ. ಕಿಕ್ಕಿರಿದ ರ‍್ಯಾಫ್ಟಿಗಿಂತ ಅಪಾಯದ ವಸ್ತು ಆ ನದಿಯಲ್ಲಿ ಇನ್ನೊಂದಿಲ್ಲ.

ಈ ನಡುವೆ ಕಡಲ ಹಡಗಿನ ಬಗ್ಗೆ ಕೇಳುವವರೂ ಹೆಚ್ಚಾಗಿದ್ದಾರೆ. ಮುಂಬೈಯಿಂದ ಹೊರಟು ಗೋವೆಯ ಮುರ್ಮುಗೋವಾ ಬಂದರಿಗೆ ಬಂದು ಹೋಗುವ ವಿಹಾರ ಹಡಗುಗಳಿವೆ. ಅನಮೋಡ ಘಟ್ಟ ಇಳಿದರೆ ಜೋಯಿಡಾದವರಿಗೆ ಗೋವೆ ನೆರೆಮನೆ. ‘ಹಡಗನ್ನು ನಾವೇ ಬುಕ್ ಮಾಡಿದರೆ ಕಡಿಮೆಗೆ ಸಿಗುತ್ತದೆಯೇ?’ ಎಂದು ಹಳಿಯಾಳದ ಗೆಳೆಯರೊಬ್ಬರು ಕೇಳಿದರು. ಹಡಗಿನ ಲೆಕ್ಕ ಸ್ವಲ್ಪ ಬೇರೆ. ಏಜೆಂಟರ ಕಮಿಷನ್ ಸಾಮಾನ್ಯವಾಗಿ ಟಿಕೆಟ್ ದರದೊಳಗೇ ಸೇರಿರುತ್ತದೆ. ಹಾಗಾಗಿ ನೇರವಾಗಿ ಕೊಂಡರೂ ಬೆಲೆ ಬಹಳ ಇಳಿಯಲಿಕ್ಕಿಲ್ಲ, ಒಳ್ಳೆಯ ಏಜೆಂಟ್ ಒಮ್ಮೊಮ್ಮೆ ತನ್ನ ಪಾಲಿನಲ್ಲಿ ಸ್ವಲ್ಪ ಬಿಟ್ಟುಕೊಡುವುದೂ ಉಂಟು. ವ್ಯತ್ಯಾಸ ತಿಳಿಯುವುದು ಏನಾದರೂ ಬದಲಾಯಿಸಬೇಕಾದಾಗ. ಏಜೆಂಟರ ಮೂಲಕ ಆದ ಬುಕಿಂಗನ್ನು ಹಡಗು ಕಂಪನಿಗಳು ಸಾಮಾನ್ಯವಾಗಿ ಪ್ರಯಾಣಿಕನ ಮಾತಿನ ಮೇಲೆ ಮುಟ್ಟುವುದಿಲ್ಲ, ‘ನಿಮ್ಮ ಏಜೆಂಟರನ್ನೇ ಕೇಳಿ’ ಎನ್ನುತ್ತವೆ. ನೀವೇ ಕೊಂಡಿದ್ದರೆ ಡೆಕ್ಕಿನ ನಕ್ಷೆ ಮುಂದಿಟ್ಟುಕೊಂಡು ಕೋಣೆ ಆರಿಸಬಹುದು. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಓಲಾಟ ಕಡಿಮೆ. ಹೊಟ್ಟೆ ತೊಳಸುವವರಿಗೆ ಮೇಲಿನ ಬಾಲ್ಕನಿ ಕೋಣೆಗಿಂತ ಅದು ಸಾವಿರ ಪಾಲು ಲೇಸು. ಹಡಗಿಗೆ ಡೆಕ್ಕಿನ ನಕ್ಷೆ ಹೇಗೋ ಕಾಳಿಗೆ ನೀರು ಬಿಡುವ ವೇಳೆ ಹಾಗೆ.

ಕಾಳಿಗೆ ಬಂದರೆ ನನ್ನ ಕ್ರಮ ಇಷ್ಟು. ಮೊದಲು ನದಿ, ಆಮೇಲೆ ಕೋಣೆ, ಕೊನೆಗೆ ಗಾಡಿ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಫೋಟೊ ನೋಡಿ ಈಜುಕೊಳವಿರುವ ಕೋಣೆ ಹಿಡಿಯುತ್ತಾರೆ. ಅದು ದಾಂಡೇಲಿ ಪೇಟೆಯ ಆಚೆ ಎಲ್ಲೋ ಇರುತ್ತದೆ. ಗಣೇಶಗುಡಿ ಅಲ್ಲಿಂದ ಇಪ್ಪತ್ತು ಕಿಲೋಮೀಟರಿಗೂ ದೂರ, ಬೆಳಗಿನ ನೀರು ಅವರು ತಲುಪುವಷ್ಟರಲ್ಲಿ ಇಳಿದಿರುತ್ತದೆ. ನದಿಯ ದಿನ, ಹೊತ್ತು ಗೊತ್ತಾದ ಮೇಲೆ ಅದರ ಹತ್ತಿರದ ಕೋಣೆ ಹುಡುಕಿ. ಮಳೆಗಾಲದಲ್ಲಿ ನೀರಾಟ ಬಂದ್. ದೀಪಾವಳಿಯಿಂದ ಬೇಸಿಗೆಯವರೆಗೆ ಸುಗ್ಗಿ. ಶನಿವಾರ, ಭಾನುವಾರ ಬಿಟ್ಟು ಹೋಗಲು ಸಾಧ್ಯವಿದ್ದರೆ ನಿಮ್ಮಷ್ಟು ಪುಣ್ಯವಂತರಿಲ್ಲ.

ಸರ್ಕಾರದ ಎರಡು ಬಾಗಿಲುಗಳು ನೇರವಾಗಿ ತೆರೆದಿವೆ. 1980ರಲ್ಲಿ ಶುರುವಾದ ಜಂಗಲ್ ಲಾಡ್ಜಸ್ ಸಂಸ್ಥೆಯ ಕಾಳಿ ಅಡ್ವೆಂಚರ್ ಕ್ಯಾಂಪ್ ದಾಂಡೇಲಿಯಲ್ಲಿದೆ. ವಸತಿ, ಊಟ, ಸಫಾರಿ ಸೇರಿಸಿ ತಲಾ ದರ, ಖಾಲಿ ಇರುವ ದಿನಗಳು ಅವರ ಜಾಲತಾಣದಲ್ಲೇ ಕಾಣುತ್ತವೆ. ಇನ್ನೊಂದು, ಅರಣ್ಯ ಇಲಾಖೆಯ ಕುಳಗಿ ನಿಸರ್ಗಧಾಮ. ಡೇರೆಯಲ್ಲಿ ಮಲಗಿ ಕಾಡಿನ ಸದ್ದು ಕೇಳಬೇಕೆನ್ನುವವರಿಗೆ ಅದು ಸರಿಯಾದ ಜಾಗ. ದಾಂಡೇಲಿ ವನ್ಯಧಾಮ 1956ರದು, ಅಣಶಿ ರಾಷ್ಟ್ರೀಯ ಉದ್ಯಾನ 1987ರದು. ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ನದಿಯ ಹೆಸರನ್ನೇ ಇಟ್ಟುಕೊಂಡಿತು. ಆ ಕಾಡಿನೊಳಗೆ ಫಣಸೋಳಿಯ ಸಫಾರಿಗೆ ಹೋಗುವ ಜೀಪುಗಳು ಲೆಕ್ಕದವು. ‘ಸಫಾರಿ ಗ್ಯಾರಂಟಿ’ ಎಂದು ಹೇಳುವವರ ಮಾತು ನಂಬದೆ, ನೀವೇ ಅರಣ್ಯ ಇಲಾಖೆಯನ್ನು ವಿಚಾರಿಸಿ.

ನನಗೆ ಅಚ್ಚುಮೆಚ್ಚಿನ ಮೂಲೆ ಮಾತ್ರ ಗಣೇಶಗುಡಿಯ ಓಲ್ಡ್ ಮ್ಯಾಗಝಿನ್ ಹೌಸ್. ಸೂಪಾ ಅಣೆಕಟ್ಟು ಕಟ್ಟುವಾಗ ಬಂಡೆ ಸಿಡಿಸುವ ಮದ್ದು ಇಡುತ್ತಿದ್ದ ಜಾಗ. ಈಗ ಜಂಗಲ್ ಲಾಡ್ಜಸ್‌ನವರ ವಸತಿ. ಅಂಗಳದಲ್ಲಿ ಹಕ್ಕಿಗಳಿಗೆಂದು ನೀರಿನ ಬಟ್ಟಲುಗಳಿವೆ. ಮಧ್ಯಾಹ್ನದ ಬಿಸಿಲಿಗೆ ಹಳದಿ ಮೈ, ಕಪ್ಪು ತಲೆ, ಕೆಂಪು ಕೊರಳಿನ ಪಿಕಳಾರವೊಂದು ಬಂದು ಕೊಂಬೆಯಲ್ಲಿ ಕೂತಿತು. ಅತ್ತಿತ್ತ ನೋಡಿ, ಅಂಚಿಗೆ ಇಳಿದು, ಎದೆಯಷ್ಟೇ ಅದ್ದಿ ಹಾರಿತು. ಮತ್ತೆ ಬಂತು, ಈ ಸಲ ಧೈರ್ಯ ಮಾಡಿ ಪೂರಾ ಮುಳುಗಿ, ಒದ್ದೆ ಪುಕ್ಕ ಕೊಡವಿದಾಗ ಹನಿ ನನ್ನ ಮೊಣಕಾಲಿಗೆ ಸಿಡಿಯಿತು. ಇದನ್ನು ನೋಡಲು ನಾನು ಮುಕ್ಕಾಲು ಗಂಟೆ ಮಿಸುಕದೆ ಕೂತಿದ್ದೆ. ಎಂಟು ಆ್ಯಕ್ಟಿವಿಟಿಯ ಪಟ್ಟಿಯಲ್ಲಿ ಈ ಮುಕ್ಕಾಲು ಗಂಟೆಗೆ ಜಾಗ ಎಲ್ಲಿಂದ ಬರಬೇಕು? ದಾಂಡೇಲಿಯ ಟಿಂಬರ್ ಡಿಪೋದ ಸುತ್ತ ಬೆಳಗ್ಗೆ ಮಂಗಟ್ಟೆಗಳು ಹಾರುವುದೂ ಹಾಗೆಯೇ, ಯಾವ ಪಟ್ಟಿಯಲ್ಲೂ ಇಲ್ಲ. ನೇರವಾಗಿ ಮಾತಾಡಿದಾಗ ಊರಿನವರೇ ಹೇಳುತ್ತಾರೆ.

ಜೋಯಿಡಾದ ಹೋಂಸ್ಟೇಗಳದು ಇನ್ನೊಂದು ಬಗೆ. ಒಮ್ಮೆ ಫೋನ್ ಮಾಡಿದಾಗ ಮನೆಯಾಕೆ ಬಾಡಿಗೆಯ ಮಾತಿಗಿಂತ ಮುಂಚೆ ಕೇಳಿದ್ದು, ‘ಅಣ್ಣಾ, ಮಕ್ಕಳಿದ್ದಾರಾ? ಖಾರ ತಿಂತಾರಾ?’ ಎಂದು. ಸಂಜೆ ತಲುಪಿದಾಗ ತಾಟಿನಲ್ಲಿ ಬೇಯಿಸಿದ ಗೆಣಸಿತ್ತು. ಜೋಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆ ಗೆಣಸಿನ ಬಗೆಗಳನ್ನು ಎಣಿಸುವುದೇ ಒಂದು ಕೆಲಸ, ಅವುಗಳಿಗೆಂದೇ ಅಲ್ಲಿ ಮೇಳ ನಡೆಯುತ್ತದೆ. ಏಜೆಂಟ್ ನಡುವೆ ಇದ್ದಿದ್ದರೆ ಆ ಮನೆಗೆ ನಮ್ಮಿಂದ ಹೋಗುತ್ತಿದ್ದದ್ದು ಒಂದು ಸಂಖ್ಯೆ ಮಾತ್ರ, ‘ನಾಲ್ಕು ಪ್ಯಾಕ್ಸ್’ ಎಂದು. ಹಣದಲ್ಲೂ ಒಂದು ಪಾಲು ದಾರಿಯಲ್ಲೇ ಉಳಿಯುತ್ತಿತ್ತು. ನಾವು ಕೊಡುವ ರೂಪಾಯಿ ಕಾಡಿನೊಳಗಿನ ಆ ಅಡುಗೆಮನೆಗೆ ಪೂರ್ತಿ ತಲುಪಬೇಕೆಂಬುದು ನನ್ನ ಹಟ.

ನೇರ ಬುಕಿಂಗಿನಲ್ಲಿ ಮೋಸವಿಲ್ಲವೆಂದಲ್ಲ. ಬೇರೆಯವರ ಫೋಟೊ ಹಾಕಿ, ಅಡ್ವಾನ್ಸ್ ತೆಗೆದುಕೊಂಡು ಫೋನ್ ಬಂದ್ ಮಾಡುವವರಿದ್ದಾರೆ. ಮನೆಯ ಹೆಸರು, ಹಳ್ಳಿಯ ಹೆಸರು, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಕೇಳಿ. ವಿಡಿಯೊ ಕರೆಯಲ್ಲಿ ಅಂಗಳ ತೋರಿಸಲು ಹೇಳಿ. ಹಣ ಹಾಕುವಾಗ ತೆರೆಯ ಮೇಲೆ ಬರುವ ಹೆಸರು ಮಾಲೀಕರದೇ ಎಂದು ನೋಡಿ. ಅಡ್ವಾನ್ಸ್ ಅರ್ಧಕ್ಕಿಂತ ಹೆಚ್ಚು ಬೇಡ. ಮೋಸವಾಯಿತೆಂದು ತಿಳಿದ ಕ್ಷಣ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ, ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ಕಾಳಿ ಸೀಮೆ ಬಿಟ್ಟು ಇದೇ ಜಿಲ್ಲೆಯ ಮುಂಡಗೋಡಕ್ಕೆ ಬಂದರೆ ಏಜೆಂಟರು ಮಾರುವುದು ‘ಮಿನಿ ಟಿಬೆಟ್, ಅರ್ಧ ದಿನ’. 1966ರಲ್ಲಿ ನೆಲೆಗೊಂಡ ಆ ಟಿಬೆಟನ್ ಕಾಲೊನಿಯನ್ನು, ಡ್ರೆಪುಂಗ್ ಮತ್ತು ಗಾಂಡೆನ್ ಎಂಬ ಮಹಾವಿಹಾರಗಳನ್ನು ಅರ್ಧ ದಿನದಲ್ಲಿ ನೋಡಿ ಬಂದವರು ಚಿನ್ನದ ಬಣ್ಣದ ಮೂರ್ತಿ, ಒಂದು ತಟ್ಟೆ ಮೊಮೊ ಬಿಟ್ಟು ಇನ್ನೇನನ್ನೂ ಹೇಳಲಾರರು. ಅಲ್ಲಿ ಅತಿಥಿಗೃಹಗಳಿವೆ, ಭಾರತೀಯರು ನೇರವಾಗಿ ಕೇಳಿಕೊಂಡು ಉಳಿಯಬಹುದು. ಸಂಜೆ ಅಂಗಳದಲ್ಲಿ ಎಳೆಯ ಭಿಕ್ಷುಗಳು ಚಪ್ಪಾಳೆ ತಟ್ಟಿ ತರ್ಕ ಮಾಡುವುದನ್ನು ಕಂಡರೆ ಮರುದಿನ ಹೊರಡಲು ಮನಸ್ಸಾಗದು. ವಿದೇಶಿ ಪ್ರಜೆಗಳು ಉಳಿಯಬೇಕಾದರೆ ಮಾತ್ರ ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು. ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಬರುವ ನಮ್ಮ ಮಕ್ಕಳು, ಮೊಮ್ಮಕ್ಕಳಿದ್ದರೆ ತಿಂಗಳುಗಳ ಮೊದಲೇ ವಿಚಾರಿಸಿ. ಚಳಿಗಾಲವಾದರೆ ಅತ್ತಿವೇರಿ ಪಕ್ಷಿಧಾಮವನ್ನೂ ದಾರಿಗೆ ಸೇರಿಸಿಕೊಳ್ಳಿ.

ಏಜೆಂಟರು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ನಲವತ್ತು ಶಾಲಾ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರಿಗೆ, ಮಂಡಿನೋವಿನ ಹಿರಿಯರ ತಂಡಕ್ಕೆ ಒಬ್ಬ ನಂಬಿಕಸ್ತ ಏಜೆಂಟ್ ಬೇಕು, ಅವನ ಕಮಿಷನ್ ನ್ಯಾಯದ ದುಡ್ಡು. ಒಂದು ಸಂಸಾರ, ನಾಲ್ಕು ಗೆಳೆಯರು ಹೋಗುವುದಕ್ಕೆ ಮಾತ್ರ ನಡುವೆ ಯಾರೂ ಬೇಕಿಲ್ಲ. ಧಾರವಾಡ, ಬೆಳಗಾವಿ ಸೀಮೆಯ ರೈತರು ಭಾರತ ಹುಣ್ಣಿಮೆಯ ಉಳವಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಇದೇ ಹಳಿಯಾಳ, ದಾಂಡೇಲಿ, ಜೋಯಿಡಾ ದಾರಿಯಲ್ಲಿ ಚನ್ನಬಸವಣ್ಣನ ದರ್ಶನಕ್ಕೆ ಹೋಗುತ್ತಾರೆ. ರೊಟ್ಟಿ ಬುತ್ತಿ, ಎತ್ತಿಗೆ ಮೇವು, ರಾತ್ರಿ ಬೀಡು ಬಿಡುವ ನೀರಿನ ಜಾಗ ಎಲ್ಲವೂ ಅವರಿಗೆ ಗೊತ್ತು, ಅಪ್ಪನಿಂದ ಮಗನಿಗೆ ಬಂದ ತಿಳಿವಳಿಕೆ ಅದು. ಈ ಸೀಮೆಯಲ್ಲಿ ಸ್ವಂತ ದಾರಿ ಮಾಡಿಕೊಳ್ಳುವುದು ಹೊಸ ಸಂಗತಿಯಲ್ಲ. ಜಾತ್ರೆಯ ಆ ವಾರ ಮಾತ್ರ ಜೋಯಿಡಾ ಕಡೆ ಕೋಣೆ ಹುಡುಕಬೇಡಿ.

ಗಾಡಿಯ ಮಾತು ಚಿಕ್ಕದು. ಹುಬ್ಬಳ್ಳಿ, ಧಾರವಾಡದಿಂದ ಹಳಿಯಾಳ ದಾರಿಯಲ್ಲಿ ದಾಂಡೇಲಿಗೆ ಕೆಂಪು ಬಸ್ಸುಗಳಿವೆ. ಅಳ್ನಾವರದಿಂದ ದಾಂಡೇಲಿ ಪಕ್ಕದ ಅಂಬೇವಾಡಿಗೆ 2019ರ ನವೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಬಂದಿತ್ತು, ಈಗ ಓಡುತ್ತಿದೆಯೇ ಎಂದು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ದಾಂಡೇಲಿಯಿಂದ ಮುಂದೆ ಊರಿನ ಜೀಪಿನವರನ್ನೇ ಗೊತ್ತು ಮಾಡಿಕೊಳ್ಳಿ, ಯಾವ ದಾರಿ ಎಷ್ಟು ಹೊತ್ತಿಗೆ ಸರಿ ಎಂಬುದು ಅವರಿಗೆ ಗೊತ್ತು.

ಕೊನೆಯದಾಗಿ ಒಂದು ಮಾತು. ಜೋಯಿಡಾ ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಎಲ್ಲ ಮನೆಗಳಿಗೂ ಬರುವುದಿಲ್ಲ. ಸಿಗ್ನಲ್ ಸಿಗುವ ಗುಡ್ಡಕ್ಕೋ ರಸ್ತೆಗೋ ಅವರು ಬಂದಾಗಲೇ ನಿಮ್ಮ ಕರೆ ತಲುಪುವುದು. ಒಂದು ಸಲ ಹತ್ತಲಿಲ್ಲವೆಂದು ಏಜೆಂಟರ ಕಡೆ ತಿರುಗಬೇಡಿ. ಹೆಸರು, ದಿನ, ಎಷ್ಟು ಮಂದಿ ಎಂದು ಒಂದು ಮೆಸೇಜ್ ಬರೆದಿಡಿ, ಸಂಜೆ ಮತ್ತೊಮ್ಮೆ ಫೋನ್ ಹಚ್ಚಿ.